ಥೇಮ್ಸ್ ನದಿಯ ಶುದ್ಧಿಗೆ ದುಡಿದ ಸರ್ ಜೋಸೆಫ್ ಬ್ಯಾಜಲ್‌ಜೆಟ್

ನಗರದ ವೈಭವವನ್ನು ಅದರ ಅರಮನೆಗಳಿಂದಲೂ ರಾಜಬೀದಿಗಳಿಂದಲೂ ಅಳೆಯುವುದು ಲೋಕರೂಢಿ. ಆದರೆ ನಗರವಾಸಿಗಳ ಆಯುರಾರೋಗ್ಯಗಳು ನಿಂತಿರುವುದು ಕಣ್ಣಿಗೆ ಕಾಣದ ಒಳಚರಂಡಿಗಳ ಮೇಲೆ. ಈ ಸತ್ಯವನ್ನು ಲಂಡನ್ ನಗರದಲ್ಲಿ ಇಟ್ಟಿಗೆ ಸಿಮೆಂಟುಗಳಿಂದ ಕಟ್ಟಿ ತೋರಿಸಿದ ಮಹನೀಯರು ಸರ್ ಜೋಸೆಫ್ ಬ್ಯಾಜಲ್‌ಜೆಟ್ ಅವರು. ಅವರ ಚರಿತ್ರೆಯು ಒಬ್ಬ ಎಂಜಿನಿಯರರ ಜಾಣ್ಮೆಯ ಕಥೆ ಮಾತ್ರವಲ್ಲ. ಇಂತಹ ಕಾರ್ಯಕ್ಕೆ ಬೊಕ್ಕಸದ ಬಾಯಿ ಯಾವಾಗ, ಹೇಗೆ ತೆರೆಯುತ್ತದೆಂಬುದನ್ನು ತಿಳಿಸುವ ಪಾಠವೂ ಹೌದು.

ಫ್ರೆಂಚ್ ಮೂಲದ ಕುಟುಂಬವೊಂದರಲ್ಲಿ, 1819ರ ಮಾರ್ಚ್ 28ರಂದು, ಎನ್‌ಫೀಲ್ಡಿನಲ್ಲಿ ಅವರು ಜನಿಸಿದರು. ಸರ್ ಜಾನ್ ಮ್ಯಾಕ್‌ನೀಲ್ ಎಂಬ ಹೆಸರಾಂತ ಎಂಜಿನಿಯರರ ಕೈಕೆಳಗೆ ವೃತ್ತಿಯನ್ನು ಕಲಿತರು. ರೈಲ್ವೆ ಕಾಮಗಾರಿಗಳ ಅತಿಶ್ರಮದಿಂದ ಅವರ ಆರೋಗ್ಯ ಕುಸಿಯಿತು. ಚೇತರಿಸಿಕೊಂಡು 1849ರಲ್ಲಿ ಲಂಡನ್ನಿನ ಚರಂಡಿಗಳ ಆಯೋಗದಲ್ಲಿ ಕೆಲಸಕ್ಕೆ ಸೇರಿದರು.

ಆಗ ಲಂಡನ್ನಿನ ಸ್ಥಿತಿ ಶೋಚನೀಯವಾಗಿದ್ದಿತು. ಮನೆಮನೆಯ ಹೊಲಸೆಲ್ಲ ಥೇಮ್ಸ್ ನದಿಯನ್ನು ಸೇರುತ್ತಿತ್ತು. ಅದೇ ನದಿಯ ನೀರನ್ನು ಜನರು ಕುಡಿಯುತ್ತಿದ್ದರು. 1848-49ರ ಕಾಲರಾ ಮಾರಿಗೆ ಆ ನಗರದಲ್ಲಿ 14,000ಕ್ಕೂ, 1853-54ರಲ್ಲಿ 10,000ಕ್ಕೂ ಮಿಗಿಲಾಗಿ ಜನರು ಬಲಿಯಾದರು. ರೋಗವು ನೀರಿನಿಂದ ಹರಡುತ್ತದೆಂದು ಡಾಕ್ಟರ್ ಜಾನ್ ಸ್ನೋ ಅವರು ಸಾಧಾರವಾಗಿ ತೋರಿಸಿದರೂ ಬಹುಮಂದಿ ಅದನ್ನು ನಂಬಲಿಲ್ಲ. ದುರ್ಗಂಧವೇ ರೋಗಮೂಲವೆಂದು ತಿಳಿದಿದ್ದರು.

1856ರಲ್ಲಿ ಲಂಡನ್ನಿನ ಹೊಸ ಕಾಮಗಾರಿ ಮಂಡಲಿಗೆ ಬ್ಯಾಜಲ್‌ಜೆಟ್ಟರು ಮುಖ್ಯ ಎಂಜಿನಿಯರರಾದರು. ನದಿಗೆ ಸಮಾನಾಂತರವಾಗಿ ದೊಡ್ಡ ಸುರಂಗಗಳನ್ನು ಕಟ್ಟಿ, ಕೊಳೆನೀರು ನದಿಯನ್ನು ಮುಟ್ಟುವ ಮೊದಲೇ ಅದನ್ನು ತಡೆದು, ನಗರದ ಪೂರ್ವಕ್ಕೆ ಬಹುದೂರ ಸಾಗಿಸಬೇಕೆಂಬುದು ಅವರ ಯೋಜನೆ. ಯೋಜನೆ ಸಿದ್ಧವಿದ್ದಿತು, ಹಣ ಮಾತ್ರ ಇರಲಿಲ್ಲ. ಲಕ್ಷ ಪೌಂಡು ಮೀರಿದ ಕೆಲಸಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕು. ಕೊಳೆನೀರನ್ನು ಎಲ್ಲಿ ಬಿಡಬೇಕು, ವೆಚ್ಚವನ್ನು ಯಾರು ಹೊರಬೇಕು ಎಂಬ ವಾದದಲ್ಲಿಯೇ ಎರಡು ವರ್ಷಗಳು ಕಳೆದವು.

1858ರ ಬೇಸಗೆಯಲ್ಲಿ ಬಿಸಿಲೇರಿ ನದಿ ನಾರತೊಡಗಿತು. ನದೀತೀರದಲ್ಲಿಯೇ ಇದ್ದ ಪಾರ್ಲಿಮೆಂಟ್ ಭವನದ ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರು ಕುಳಿತಿರಲಾರದೆ ಹೋದರು. ಬಡವರ ಕೇರಿಗಳಲ್ಲಿ ಸಾವಿರಾರು ಹೆಣಗಳು ಬಿದ್ದಾಗ ಆಗದಿದ್ದ ಕಾರ್ಯ, ಶಾಸಕರ ಮೂಗಿಗೆ ನಾತ ಬಡಿದಾಗ ಕೆಲವೇ ವಾರಗಳಲ್ಲಿ ನೆರವೇರಿತು. ಅರ್ಥಸಚಿವ ಡಿಸ್ರೇಲಿಯವರು ಮಂಡಿಸಿದ ಮಸೂದೆ ಆಗಸ್ಟ್ ಆರಂಭದಲ್ಲಿ ಶಾಸನವಾಯಿತು.

ಆ ಶಾಸನದ ಹಣಕಾಸಿನ ಏರ್ಪಾಡು ಗಮನಾರ್ಹವಾದುದು. ಮಂಡಲಿಯು 30 ಲಕ್ಷ ಪೌಂಡು ಸಾಲವೆತ್ತಬಹುದು. ಅದಕ್ಕೆ ಸರ್ಕಾರವೇ ಜಾಮೀನು. ತೀರಿಸುವವರು ಲಂಡನ್ನಿನ ಪೌರರು. ಆಸ್ತಿಯ ವಾರ್ಷಿಕ ಮೌಲ್ಯದಲ್ಲಿ ಪೌಂಡೊಂದಕ್ಕೆ 3 ಪೆನ್ಸು, ಎಂದರೆ ಎಂಬತ್ತರಲ್ಲೊಂದು ಪಾಲಿನ ತೆರಿಗೆ, 40 ವರ್ಷಗಳ ಕಾಲ. ಹಲವು ತಲೆಮಾರುಗಳಿಗೆ ಉಪಕರಿಸುವ ಕೆಲಸದ ಭಾರವನ್ನು ಒಂದೇ ತಲೆಮಾರಿನ ಹೆಗಲಿಗೆ ಹೊರಿಸದೆ ಹಂಚಿದುದರಿಂದಲೇ ಅದು ಸಾಧ್ಯವಾಯಿತು.

82 ಮೈಲಿಗಳ ಮುಖ್ಯ ಸುರಂಗಗಳು ನೆಲದಡಿ ಹರಡಿದವು. 1865ರಲ್ಲಿ ಕ್ರಾಸ್‌ನೆಸ್ ಯಂತ್ರಾಗಾರದ ಪ್ರಾರಂಭೋತ್ಸವವಾಯಿತು. ವೆಚ್ಚವು ಅಂದಾಜನ್ನು ಮೀರಿ 40 ಲಕ್ಷ ಪೌಂಡುಗಳನ್ನು ದಾಟಿತು. 1866ರಲ್ಲಿ ಕಾಲರಾ ಮರಳಿದಾಗ ಅದರ ಹಾವಳಿ ಬಹುಮಟ್ಟಿಗೆ, ಕಾಮಗಾರಿ ಇನ್ನೂ ಮುಗಿಯದಿದ್ದ ಪೂರ್ವಭಾಗಕ್ಕೆ ಸೀಮಿತವಾಗಿತ್ತು.

ಆದರೂ ಬ್ಯಾಜಲ್‌ಜೆಟ್ಟರು ಕೊಳೆನೀರನ್ನು ದೂರ ಕಳುಹಿಸಿದರೇ ಹೊರತು ಶುದ್ಧಮಾಡಲಿಲ್ಲ. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಆ ಹೊಲಸು ಬೀಳುವ ಎಡೆಗೆ ಸಮೀಪದಲ್ಲಿ ಮುಳುಗಿ 600ಕ್ಕೂ ಹೆಚ್ಚು ಮಂದಿ ಮಡಿದಾಗ ಈ ಕೊರತೆಯು ಜನರ ಕಣ್ಣಿಗೆ ಬಿದ್ದಿತು. ವಿಚಾರಣಾ ಆಯೋಗ ನೇಮಕವಾಯಿತು; ಮತ್ತೆ ಹಣ ಒದಗಿಸಿ ಕೊಳೆಯನ್ನು ನೀರಿನಿಂದ ಬೇರ್ಪಡಿಸತೊಡಗಿದರು. 1889ರಲ್ಲಿ ಮಂಡಲಿಯೊಡನೆ ಬ್ಯಾಜಲ್‌ಜೆಟ್ಟರೂ ನಿವೃತ್ತರಾಗಿ, 1891ರ ಮಾರ್ಚ್ 15ರಂದು ದೈವಾಧೀನರಾದರು.

ಸಾಮ್ರಾಜ್ಯದ ರಾಜಧಾನಿಗೆ ಒದಗಿದ ಆ ಧನ ಅದರ ಅಧೀನವಾಗಿದ್ದ ನಮ್ಮ ನಗರಗಳಿಗೆ ಅಂದು ಒದಗಲಿಲ್ಲ. ಆದರೆ 1947ರ ತರುವಾಯ ಪರರನ್ನು ದೂರಿ ಕೈಕಟ್ಟಿ ಕೂರುವ ಅಧಿಕಾರ ನಮಗಿಲ್ಲ. ವೃಷಭಾವತಿಯು ಬೆಂಗಳೂರಿನ ಕೊಳಚೆಯನ್ನು ಹೊತ್ತು ಇಂದಿಗೂ ಅರ್ಕಾವತಿಗೆ ಸುರಿಯುತ್ತಿದೆ. ಅದರ ದಂಡೆಯ ರೈತನ ಮೂಗು ಶಾಸನಸಭೆಯಲ್ಲಿಲ್ಲ. ಪೌರನು ತನ್ನ ಪಾಲಿನ ತೆರಿಗೆಯನ್ನು ತೆರಬೇಕು, ಅದರ ಲೆಕ್ಕವನ್ನು ಕೇಳಬೇಕು. ಸರ್ಕಾರವು ಸಾಲಕ್ಕೆ ಜಾಮೀನಾಗಿ ನಿಲ್ಲಬೇಕು. ಸ್ವರಾಜ್ಯದ ಈ ಕರ್ತವ್ಯಕ್ಕೆ ಇನ್ನೊಂದು ದುರ್ಗಂಧದ ಬೇಸಗೆಯನ್ನು ಕಾಯುವುದು ನಮಗೆ ಭೂಷಣವಲ್ಲ.