ಬಣ್ಣಗಳನ್ನು ಬಿಡಿಸಿದ ಮಿಖಾಯಿಲ್ ತ್ಸ್ವೆತ್

ಕಕ್ಕಡ ಹದಿನೆಂಟರಂದು ಕೊಡಗಿನ ಮನೆಗಳಲ್ಲಿ ಮದ್ದ್ ತೊಪ್ಪಿನ ಪಾಯಸವಾಗುತ್ತದೆ. ಆಟಿ ಸೊಪ್ಪು ಎನ್ನುವವರೂ ಇದ್ದಾರೆ. ಹಸಿರು ಸೊಪ್ಪನ್ನು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬುದು ಹಿರಿಯರ ನಂಬಿಕೆ. ಒಂದು ಸೊಪ್ಪಿನಲ್ಲಿ ಏನೇನಿದೆ, ಯಾವುದು ಎಷ್ಟಿದೆ ಎಂದು ಅಳೆಯಬೇಕಾದರೆ ಮೊದಲು ಒಂದರಿಂದ ಒಂದನ್ನು ಬಿಡಿಸಬೇಕು. ಅದಕ್ಕೆ ದಾರಿ ತೋರಿದವರು ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್.

ಅವರು ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಪಟ್ಟಣದಲ್ಲಿ. ತಂದೆ ರಷ್ಯದ ಅಧಿಕಾರಿ, ತಾಯಿ ಇಟಲಿಯವರು. ಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ತಾಯಿ ತೀರಿಕೊಂಡರು. ಬೆಳೆದದ್ದು, ಓದಿದ್ದು ಸ್ವಿಟ್ಜರ್‌ಲೆಂಡಿನಲ್ಲಿ. 1896ರಲ್ಲಿ ಜಿನೀವಾದಲ್ಲಿ ಡಾಕ್ಟರೇಟ್ ಪಡೆದು ತಂದೆಯ ನಾಡಿಗೆ ಹೋದರೆ ಅಲ್ಲಿ ಆ ಪದವಿಗೆ ಮಾನ್ಯತೆಯೇ ಇಲ್ಲ! ಮತ್ತೆ ವಿದ್ಯಾರ್ಥಿಯಾಗಿ 1901ರಲ್ಲಿ ಕಜಾನ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬಳಿಕ, ಆಗ ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾದ ವಿಶ್ವವಿದ್ಯಾನಿಲಯದಲ್ಲಿ ಸಹಾಯಕರ ಕೆಲಸ ಸಿಕ್ಕಿತು.

ಎಲೆಯ ಹಸಿರು ಒಂದೇ ವಸ್ತುವೇ, ಹಲವೇ ಎಂಬುದು ಅವರನ್ನು ಕಾಡಿದ ಪ್ರಶ್ನೆ. ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಪರೀಕ್ಷಿಸಿದರು. ಕೊನೆಗೆ ಗಾಜಿನ ಕೊಳವೆಯಲ್ಲಿ ನುಣ್ಣನೆಯ ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಒತ್ತಿ ತುಂಬಿ, ಮೇಲಿನಿಂದ ಎಲೆಯ ರಸ ಕರಗಿದ ದ್ರಾವಣವನ್ನು ಹಾಕಿದರು. ಅದರ ಹಿಂದೆಯೇ ಶುದ್ಧ ದ್ರಾವಕ ಸುರಿದಾಗ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಇಳಿಯತೊಡಗಿದವು. ಪುಡಿಗೆ ಹೆಚ್ಚು ಅಂಟಿಕೊಳ್ಳುವುದು ಹಿಂದೆ ಉಳಿಯಿತು, ಕಡಿಮೆ ಅಂಟುವುದು ಮುಂದೆ ಸಾಗಿತು. ಕ್ಯಾರೊಟಿನ್ ಎಲ್ಲಕ್ಕಿಂತ ಮೊದಲು ಕೆಳಗೆ ಬಂತು. ಎರಡು ಬಗೆಯ ಕ್ಲೋರೊಫಿಲ್, ಹಳದಿಯ ಕ್ಸಾಂಥೊಫಿಲ್‌ಗಳು ಬಳೆಗಳಂತೆ ಬೇರೆ ಬೇರೆ ನಿಂತವು. ಹೈಸ್ಕೂಲಿನಲ್ಲಿ ಮಸಿಯ ಚುಕ್ಕೆಯಿಟ್ಟ ಫಿಲ್ಟರ್ ಕಾಗದವನ್ನು ನೀರಿಗೆ ಇಳಿಬಿಟ್ಟು ನೋಡುತ್ತೇವಲ್ಲ, ಅದೇ ಜಾತಿಯ ಪ್ರಯೋಗ.

1903ರಲ್ಲಿ ಇದರ ಬಗ್ಗೆ ವಾರ್ಸಾದಲ್ಲಿ ಉಪನ್ಯಾಸ ಕೊಟ್ಟರು. 1906ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಅದು ಬಣ್ಣದ ಬರಹ. ರಷ್ಯನ್‌ನಲ್ಲಿ ತ್ಸ್ವೆತ್ ಎಂದರೂ ಬಣ್ಣವೇ. ತಮ್ಮ ಹೆಸರನ್ನೇ ಸದ್ದಿಲ್ಲದೆ ಸೇರಿಸಿದರೇನೋ!

ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. ಮಾರ್ಚ್ಲೆವ್ಸ್ಕಿ ಕಟುವಾಗಿ ಟೀಕಿಸಿದರು. ಕ್ಲೋರೊಫಿಲ್ ಸಂಶೋಧನೆಗೆ 1915ರಲ್ಲಿ ನೊಬೆಲ್ ಪಡೆದ ವಿಲ್‌ಸ್ಟೆಟರ್ ಕೂಡ ಅನುಮಾನಪಟ್ಟರು. ಸಸ್ಯಶಾಸ್ತ್ರದವನು ರಸಾಯನಶಾಸ್ತ್ರದಲ್ಲಿ ಕೈಯಾಡಿಸಿದ್ದೂ ಇದಕ್ಕೆ ಕಾರಣವಿರಬೇಕು ಎಂದು ನನಗನಿಸುತ್ತದೆ. ಅಷ್ಟರಲ್ಲಿ ಮಹಾಯುದ್ಧ. 1915ರಲ್ಲಿ ಜರ್ಮನ್ ಸೇನೆ ಬಂದಾಗ ವಾರ್ಸಾ ಬಿಡಬೇಕಾಯಿತು. ಮಾಸ್ಕೊ, ನಿಜ್ನಿ ನೊವ್‌ಗೊರೊದ್, 1917ರಲ್ಲಿ ತಾರ್ತು. ಅಲ್ಲಿಗೂ ಸೇನೆ ಬಂದಾಗ ವೊರೊನೆಝ್. ಆರೋಗ್ಯ ಆಗಲೇ ಕೆಟ್ಟಿತ್ತು. 1918ರಲ್ಲಿ ಅವರ ಹೆಸರು ನೊಬೆಲ್‌ಗೆ ಸೂಚಿತವಾಗಿತ್ತು, ಬಹುಮಾನ ಬರಲಿಲ್ಲ. 1919ರ ಜೂನ್ 26ರಂದು, 47ನೇ ವಯಸ್ಸಿನಲ್ಲಿ, ವೊರೊನೆಝ್‌ನಲ್ಲೇ ತೀರಿಕೊಂಡರು.

ಹನ್ನೆರಡು ವರ್ಷಗಳ ನಂತರ, 1931ರಲ್ಲಿ, ಹೈಡಲ್‌ಬರ್ಗಿನಲ್ಲಿ ಕುನ್ ಮತ್ತು ಲೆಡರರ್ ಅದೇ ವಿಧಾನದಿಂದ ಕ್ಯಾರೆಟ್ಟಿನ ಕ್ಯಾರೊಟಿನ್‌ಗಳನ್ನು ಬಿಡಿಸಿದ ಮೇಲೆ ಜಗತ್ತು ತಿರುಗಿ ನೋಡಿತು. ಅದನ್ನು ಹೊಸ ರೂಪಕ್ಕೆ ತಂದ ಮಾರ್ಟಿನ್ ಮತ್ತು ಸಿಂಜ್‌ಗೆ 1952ರಲ್ಲಿ ನೊಬೆಲ್ ಬಂತು.

ಇಂದು ಗಿಡಮೂಲಿಕೆಯ ಸತ್ವವನ್ನು ಅಳೆಯುವ ಎಚ್.ಪಿ.ಎಲ್.ಸಿ. ಯಂತ್ರ ಆ ಗಾಜಿನ ಕೊಳವೆಯ ಮೊಮ್ಮಗ. ಸೀಮೆಸುಣ್ಣದ ಬದಲು ಉಕ್ಕಿನ ಕೊಳವೆಯಲ್ಲಿ ಸಿಲಿಕಾ ಪುಡಿ. ದ್ರಾವಕವನ್ನು ಪಂಪು ನೂಕುತ್ತದೆ. ಹೊರಬರುವ ಒಂದೊಂದು ವಸ್ತುವಿಗೂ ಕಂಪ್ಯೂಟರ್ ಪರದೆಯಲ್ಲಿ ಒಂದೊಂದು ಶಿಖರ ಮೂಡುತ್ತದೆ. ಗೊತ್ತಿರುವ ಪ್ರಮಾಣದ ಶುದ್ಧ ವಸ್ತುವಿನ ಶಿಖರದೊಂದಿಗೆ ಅದರ ವಿಸ್ತೀರ್ಣ ಹೋಲಿಸಿದರೆ ಎಷ್ಟಿದೆ ಎಂಬುದು ಸಿಗುತ್ತದೆ. ಹೆಚ್ಚು ಬಳಕೆಯ ಕೊಳವೆಗೆ ಸಿ-18 ಎಂದು ಹೆಸರು, ಹದಿನೆಂಟು ಕಾರ್ಬನ್‌ಗಳ ಸರಪಳಿಯಿಂದಾಗಿ; ಕಕ್ಕಡ ಹದಿನೆಂಟಕ್ಕೂ ಇದಕ್ಕೂ ಸಂಬಂಧವಿಲ್ಲ ಬಿಡಿ. ನಮ್ಮ ಪಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿಯ ಹಣ್ಣಿನಲ್ಲಿರುವುದು ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದು ಬಹುಕಾಲ ತಿಳಿಯಲಾಗಿತ್ತು. ಮುಖ್ಯವಾದದ್ದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಸಿ.ಎಫ್.ಟಿ.ಆರ್.ಐ.ಯ ಲೂಯಿಸ್ ಮತ್ತು ನೀಲಕಂಠನ್. ಈಗ ಆ ಆಮ್ಲ ಎಷ್ಟಿದೆ ಎಂದು ಅಳೆಯುವುದೂ ಇಂಥ ಕೊಳವೆಯಲ್ಲೇ.