ಬೌರಲ್ ಊರಿನ ಹುಡುಗ ಸಿಡ್ನಿಗೆ ಹೋದದ್ದು
(ಡಾನ್ ಬ್ರಾಡ್ಮನ್ ಅವರ ಜೀವನ ಪರಿಚಯ)

 

ಈ ಸಲದ ಗೋಡೆ ಪತ್ರಿಕೆಗೆ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ನಾನು ಕ್ರಿಕೆಟ್ ಆಟಗಾರ ಡಾನ್ ಬ್ರಾಡ್ಮನ್ ಅವರನ್ನು ಆರಿಸಿಕೊಂಡಿದ್ದೇನೆ. ಕವಿಗಳು, ವಿಜ್ಞಾನಿಗಳು ಯಾರೂ ಸಿಗಲಿಲ್ಲವಾ ಅಂತ ಕೆಲವರು ಕೇಳಬಹುದು. ಅದಕ್ಕೆ ಕಾರಣ ಇದೆ.

ನಮ್ಮ ತರಗತಿಯ ಒಬ್ಬ ಹುಡುಗ ಒಂದು ಕ್ರಿಕೆಟ್ ಅಕಾಡೆಮಿಯ ಆಯ್ಕೆಗೆ ಹೋಗಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದಾನೆ. ಹೆಸರು ಹಾಕಬೇಡ ಅಂದಿದ್ದಾನೆ, ಆದರೂ ಯಾರು ಅಂತ ನಿಮಗೆಲ್ಲಾ ಗೊತ್ತು. ಆಯ್ಕೆ ಇರುವುದು ಬರುವ ಭಾನುವಾರ, ಜಿಲ್ಲಾ ಕೇಂದ್ರದಲ್ಲಿ. ಆಯ್ಕೆಯಾದರೆ ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು, ವರ್ಷದ ಫೀಸು ಒಟ್ಟಿಗೆ ಕಟ್ಟಬೇಕು, ನಮ್ಮ ಶಾಲೆಯಿಂದ ಟಿ.ಸಿ. ತೆಗೆಸಬೇಕು. ಫೀಸಿಗಾಗಿ ಅವರ ಮನೆಯಲ್ಲಿ ಕರೆಯುವ ಎಮ್ಮೆ ಮಾರುವ ಮಾತು ನಡೆದಿದೆ.

ಅವನು ಬಂದು ನನ್ನನ್ನು ಕೇಳಿದ. ನಮ್ಮ ತಂಡದ ಸ್ಕೋರು ಬರೆಯುವವನು ನಾನು. ಅವನು ಹೊಡೆದ ಒಂದೊಂದು ರನ್ನೂ ನನ್ನ ಪುಸ್ತಕದಲ್ಲಿದೆ. ನಾನು ಹಿಂದೆ ಮುಂದೆ ನೋಡದೆ ಹೋಗಬೇಡ ಅಂದುಬಿಟ್ಟೆ. ರಾತ್ರಿ ಮಲಗಿದಾಗ ಯೋಚನೆ ಬಂತು. ನಾನು ಹಾಗಂದಿದ್ದು ಎಮ್ಮೆಗೋಸ್ಕರ ಅಲ್ಲ, ಅವನ ಓದಿಗೋಸ್ಕರವೂ ಅಲ್ಲ. ಅವನು ಹೋದರೆ ಪಕ್ಕದ ಊರಿನವರ ಮೇಲೆ ನಾವು ಸೋಲ್ತೀವಿ ಅಂತ. ಮಾರನೆಯ ದಿನ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. ಲೈಬ್ರರಿ ಬೀರು ತೆಗೆದು, ಬ್ರಾಡ್ಮನ್ ಬಗ್ಗೆ ಓದು, ಆಮೇಲೆ ಅವನಿಗೆ ಹೇಳುವಿಯಂತೆ ಅಂದರು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೊನಾಲ್ಡ್ ಜಾರ್ಜ್ ಬ್ರಾಡ್ಮನ್ ಅವರು 1908ರ ಆಗಸ್ಟ್ 27ರಂದು ಆಸ್ಟ್ರೇಲಿಯಾ ದೇಶದ ಕೂಟಮಂಡ್ರ ಎಂಬ ಊರಿನಲ್ಲಿ ಜನಿಸಿದರು. ಐದು ಮಕ್ಕಳಲ್ಲಿ ಕೊನೆಯವರು. ತಂದೆ ಜಾರ್ಜ್ ಮರಗೆಲಸದವರು, ತಾಯಿ ಎಮಿಲಿ. ಡಾನ್ ಚಿಕ್ಕ ಮಗುವಾಗಿದ್ದಾಗಲೇ ಮನೆಯವರು ಬೌರಲ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು. ಅಲ್ಲಿಂದ ಸಿಡ್ನಿ ನಗರ ಸುಮಾರು 130 ಕಿಲೋಮೀಟರ್ ದೂರ.

ಮನೆಯ ಹತ್ತಿರ ಜೊತೆಗೆ ಆಡುವ ಹುಡುಗರು ಇರಲಿಲ್ಲ. ಅದಕ್ಕೇ ಡಾನ್ ಒಬ್ಬನೇ ಆಡಲು ಒಂದು ಆಟ ಮಾಡಿಕೊಂಡ. ಹಿತ್ತಲಲ್ಲಿ ಇಟ್ಟಿಗೆ ಕಟ್ಟೆಯ ಮೇಲೆ ನೀರಿನ ತೊಟ್ಟಿ ಇತ್ತು. ಆ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆಯುವುದು, ಅದು ಯಾವ ಕಡೆಗೋ ಪುಟಿದು ವೇಗವಾಗಿ ಬಂದರೆ ಕ್ರಿಕೆಟ್ ಸ್ಟಂಪಿನಿಂದ ಹೊಡೆಯುವುದು. ಗಾಲ್ಫ್ ಚೆಂಡು ದೊಡ್ಡ ನಿಂಬೆಹಣ್ಣಿನಷ್ಟು ಇರುತ್ತದೆ. ಸ್ಟಂಪಿನ ದಪ್ಪ ಹೆಬ್ಬೆರಳಿಗಿಂತ ಸ್ವಲ್ಪ ಹೆಚ್ಚು. ನಾನು ನಮ್ಮ ಮನೆ ಗೋಡೆಗೆ ರಬ್ಬರ್ ಚೆಂಡು ಎಸೆದು ಕೋಲಿನಿಂದ ಹೊಡೆದು ನೋಡಿದೆ. ಹತ್ತರಲ್ಲಿ ಎರಡು ಸಿಕ್ಕವು! ಶಾಲೆಯಿಂದ ಬಂದ ಮೇಲೆ ಅವನ ತಾಯಿಯೂ ಹಿತ್ತಲಿಗೆ ಬಂದು ಎಡಗೈಯಲ್ಲಿ ಚೆಂಡು ಹಾಕಿಕೊಡುತ್ತಿದ್ದರಂತೆ.

ಹನ್ನೆರಡನೆಯ ವಯಸ್ಸಿನಲ್ಲಿ ಬೌರಲ್ ಶಾಲೆಯ ಪರವಾಗಿ ಮಿಟಗಾಂಗ್ ಶಾಲೆಯ ವಿರುದ್ಧ ಔಟಾಗದೆ 115 ರನ್ ಹೊಡೆದ. ಅದು ಅವನ ಮೊದಲ ಶತಕ. ಅವನ ಸೋದರಮಾವ ಊರಿನ ತಂಡದ ನಾಯಕ. ಆ ತಂಡದಲ್ಲಿ ಡಾನ್‌ಗೆ ಸಿಕ್ಕ ಮೊದಲ ಕೆಲಸ ಏನು ಗೊತ್ತೇ? ಸ್ಕೋರು ಬರೆಯುವುದು! ಇದನ್ನು ಓದಿ ನನಗೆ ಬಹಳ ಖುಷಿಯಾಯಿತು. ಒಂದು ದಿನ ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದಾಗ ಸ್ಕೋರು ಪುಸ್ತಕ ಇಟ್ಟು, ತನ್ನ ಅಳತೆಗೆ ದೊಡ್ಡದಾದ ಬ್ಯಾಟ್ ಹಿಡಿದು ಹೋಗಿ ಔಟಾಗದೆ 37 ರನ್ ಮಾಡಿದ.

1922ರಲ್ಲಿ ಶಾಲೆ ಬಿಟ್ಟು, ಊರಿನಲ್ಲೇ ಮನೆ-ಜಮೀನು ಮಾರಾಟ ಮಾಡಿಸುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ. ಆಮೇಲೆ ಸುಮಾರು ಎರಡು ವರ್ಷ ಕ್ರಿಕೆಟ್ಟನ್ನೇ ಬಿಟ್ಟು ಟೆನಿಸ್ ಆಡಿದ. ಲೋಕದಲ್ಲೇ ಅತಿ ದೊಡ್ಡ ಬ್ಯಾಟುಗಾರ ಆಗಬೇಕಾದವನು ಬ್ಯಾಟು ಬಿಟ್ಟಿದ್ದ ಅಂದರೆ ನಂಬುವುದು ಕಷ್ಟ. 1925ರಲ್ಲಿ ಮತ್ತೆ ಕ್ರಿಕೆಟ್ಟಿಗೆ ಬಂದ. ವಿಂಗೆಲೊ ಊರಿನ ಮೇಲೆ 234 ಹೊಡೆದ. ಆ ಊರಿನ ಬೌಲರ್ ಬಿಲ್ ಓರೈಲಿ ಅವರು ಮುಂದೆ ತಾವೂ ಹೆಸರಾಂತ ಟೆಸ್ಟ್ ಆಟಗಾರರಾದರು. ಆ ವರ್ಷದ ಫೈನಲ್ ಪಂದ್ಯಕ್ಕೆ ಮೊದಲು, ನೂರು ಹೊಡೆದರೆ ಹೊಸ ಬ್ಯಾಟ್ ಕೊಡಿಸುತ್ತೇನೆ ಅಂತ ತಾಯಿ ಹೇಳಿದ್ದರು. ಮಗ ತ್ರಿಶತಕ ಹೊಡೆದು ಮೂರು ಬ್ಯಾಟ್ ಕೇಳಿದ. ತಾಯಿ ಮೂರು ಕೊಡಿಸಲು ಒಪ್ಪಲಿಲ್ಲ!

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಈ ಸ್ಕೋರುಗಳ ಸುದ್ದಿ ಸಿಡ್ನಿಗೆ ಮುಟ್ಟಿತು. 1926ರ ಅಕ್ಟೋಬರಿನಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಕ್ರಿಕೆಟ್ ಸಂಘದಿಂದ ಡಾನ್‌ಗೆ ಕಾಗದ ಬಂತು. ಸಿಡ್ನಿ ಮೈದಾನದ ಅಭ್ಯಾಸಕ್ಕೆ ಬಾ, ಆಯ್ಕೆದಾರರು ನಿನ್ನ ಆಟ ನೋಡಬೇಕು, ಹೋಗಿ ಬರುವ ರೈಲು ಖರ್ಚು ಸಂಘವೇ ಕೊಡುತ್ತದೆ ಎಂಬುದು ಅದರ ಸಾರಾಂಶ. ಆಗ ಅವನಿಗೆ 18 ವರ್ಷ. ಊರಿನಲ್ಲಿ ಆಡಿದ್ದೆಲ್ಲಾ ಕಾಂಕ್ರೀಟಿನ ಮೇಲೆ ನಾರಿನ ಚಾಪೆ ಹಾಸಿದ ಪಿಚ್ಚಿನಲ್ಲಿ. ಅಲ್ಲಿದ್ದದ್ದು ಹುಲ್ಲಿನ ಪಿಚ್. ಆದರೂ ಹೋದ, ಆಡಿದ, ಆಯ್ಕೆದಾರರಿಗೆ ಹಿಡಿಸಿತು.

ಅಷ್ಟಕ್ಕೇ ಎಲ್ಲಾ ಮುಗಿಯಲಿಲ್ಲ. ಸಿಡ್ನಿಯಲ್ಲಿ ಹಳ್ಳಿಗಾಡಿನ ಆಟಗಾರರಿಗಾಗಿ ಕ್ರಿಕೆಟ್ ವಾರ, ಟೆನಿಸ್ ವಾರ ಎರಡೂ ನಡೆಯುತ್ತಿದ್ದವು. ಡಾನ್‌ಗೆ ಎರಡಕ್ಕೂ ಕರೆ ಬಂತು. ಕಚೇರಿಯ ಯಜಮಾನರು ಒಂದೇ ವಾರ ರಜಾ ಕೊಡುವುದಾಗಿ ಹೇಳಿದರು. ಅವನು ಕ್ರಿಕೆಟ್ ಆರಿಸಿಕೊಂಡ. ಆಮೇಲೆ ಸಿಡ್ನಿಯ ಒಂದು ಕ್ಲಬ್ಬು ಪ್ರಯಾಣದ ಖರ್ಚು ಕೊಡಲು ಆಗುವುದಿಲ್ಲ ಅಂದಿತು. ಸೇಂಟ್ ಜಾರ್ಜ್ ಎಂಬ ಇನ್ನೊಂದು ಕ್ಲಬ್ಬು ಒಪ್ಪಿತು. ಅಲ್ಲಿ ಮೊದಲ ಪಂದ್ಯದಲ್ಲೇ 110 ರನ್. ಅವನು ಕೂಡಲೇ ಊರು ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪ್ರತಿ ಶನಿವಾರ ನಸುಕಿನಲ್ಲೇ ಎದ್ದು ರೈಲು ಹತ್ತಿ ಸಿಡ್ನಿಗೆ ಹೋಗಿ, ಆಡಿ, ನಡುರಾತ್ರಿಯ ಹೊತ್ತಿಗೆ ಮನೆ ಸೇರುತ್ತಿದ್ದ. 1927ರ ಡಿಸೆಂಬರಿನಲ್ಲಿ ರಾಜ್ಯದ ಪರವಾಗಿ ಮೊದಲ ಪಂದ್ಯ ಆಡಿ 118 ಹೊಡೆದ. ಸಿಡ್ನಿಯಲ್ಲಿ ವಾಸಕ್ಕೆ ಹೋದದ್ದು 1928ರಲ್ಲಿ. ಅದೂ ಅದೇ ಯಜಮಾನರು ಅಲ್ಲಿ ಶಾಖೆ ತೆರೆದಾಗ. ಅಂದರೆ ಕಾಗದ ಬಂದು ಸುಮಾರು ಎರಡು ವರ್ಷದ ಮೇಲೆ.

1928ರ ಕೊನೆಯಲ್ಲಿ ಬ್ರಿಸ್ಬೇನಿನಲ್ಲಿ ಇಂಗ್ಲೆಂಡ್ ವಿರುದ್ಧ ಅವರ ಮೊದಲ ಟೆಸ್ಟ್. ಹೊಡೆದದ್ದು 18 ಮತ್ತು 1. ಆಸ್ಟ್ರೇಲಿಯಾ 675 ರನ್ನುಗಳಿಂದ ಸೋತಿತು. ಮುಂದಿನ ಟೆಸ್ಟಿನಲ್ಲಿ ಅವರನ್ನು ತಂಡದಿಂದ ಬಿಟ್ಟು ಹನ್ನೆರಡನೆಯವನಾಗಿ ಕೂರಿಸಿದರು. ಮೂರನೆಯ ಟೆಸ್ಟಿಗೆ ಮತ್ತೆ ಕರೆದಾಗ 79 ಮತ್ತು 112 ಹೊಡೆದರು.

ಆಮೇಲಿನದು ಜಗತ್ತಿಗೇ ಗೊತ್ತು. 1930ರಲ್ಲಿ ಇಂಗ್ಲೆಂಡಿನಲ್ಲಿ ಐದು ಟೆಸ್ಟುಗಳಲ್ಲಿ 974 ರನ್. ಒಂದು ಸರಣಿಯಲ್ಲಿ ಅಷ್ಟು ರನ್ನುಗಳನ್ನು ಇಂದಿಗೂ ಬೇರೆ ಯಾರೂ ಹೊಡೆದಿಲ್ಲ. ಲೀಡ್ಸ್‌ನಲ್ಲಿ ಒಂದೇ ದಿನ 309. 1932-33ರಲ್ಲಿ ಇವರನ್ನು ಕಟ್ಟಿಹಾಕಲು ಇಂಗ್ಲೆಂಡಿನವರು ಮೈಗೆ ಬರುವಂತೆ ಚೆಂಡು ಎಸೆಯುವ ಉಪಾಯ ಹೂಡಿದರು. 1934ರಲ್ಲಿ ಹೊಟ್ಟೆಯ ಕಾಯಿಲೆಯಿಂದ ಸಾಯುವ ಸ್ಥಿತಿಗೆ ಹೋಗಿ ಬದುಕಿದರು. 1936ರಿಂದ ತಂಡದ ನಾಯಕರಾದರು. 1947ರಲ್ಲಿ ನಮ್ಮ ಭಾರತ ತಂಡ ಅಲ್ಲಿಗೆ ಹೋಗಿದ್ದಾಗ ಅದರ ವಿರುದ್ಧವೇ ತಮ್ಮ ನೂರನೆಯ ಪ್ರಥಮ ದರ್ಜೆ ಶತಕ ಹೊಡೆದರು. 1948ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರ ಕೊನೆಯ ಟೆಸ್ಟ್. ಸರಾಸರಿ ನೂರಾಗಲು ನಾಲ್ಕೇ ರನ್ ಬೇಕಿತ್ತು. ಎರಡನೆಯ ಚೆಂಡಿಗೇ ಸೊನ್ನೆಗೆ ಔಟ್! 52 ಟೆಸ್ಟ್, 6996 ರನ್, 29 ಶತಕ, ಸರಾಸರಿ 99.94. 2001ರ ಫೆಬ್ರವರಿ 25ರಂದು 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ನನ್ನ ಗೆಳೆಯನಿಗೆ ಎರಡು ಮಾತು. ನೀನು ಬ್ರಾಡ್ಮನ್ ಅಲ್ಲ, ನಾನೂ ಅಲ್ಲ. ಆದರೆ ಆ ಕಾಗದ ಬಂದಾಗ ಅವರೂ ಹಳ್ಳಿಗಾಡಿನ ಹುಡುಗನೇ. ನಾನು ಹೋಗಬೇಡ ಅಂದಿದ್ದು ತಪ್ಪು, ಆ ಮಾತನ್ನು ವಾಪಸ್ಸು ತಗೊಂಡಿದ್ದೇನೆ. ಭಾನುವಾರ ಹೋಗು. ಬಸ್ ಚಾರ್ಜು, ಒಂದು ದಿನ, ಇಷ್ಟೇ ತಾನೇ ಹೋಗುವುದು? ಆದರೆ ಆಯ್ಕೆಗೆ ಹೋಗುವುದು ಬೇರೆ, ಊರು ಬಿಡುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಂಡು ನಾವಿಬ್ಬರೂ ಹೆದರಿದ್ದೆವು. ಆಯ್ಕೆಯಾದರೂ ಅವತ್ತೇ ದುಡ್ಡು ಕಟ್ಟಬೇಡ. ನಿಮ್ಮ ಅಪ್ಪನನ್ನು ಕರೆದುಕೊಂಡು ಹೋಗು. ಅಲ್ಲಿ ಕಲಿಸುವವರು ಯಾರು, ಒಬ್ಬರಿಗೆ ಎಷ್ಟು ಹುಡುಗರು, ಓದಿಗೆ ಯಾವ ಶಾಲೆ, ಮಧ್ಯದಲ್ಲಿ ಬಿಟ್ಟರೆ ಫೀಸು ವಾಪಸ್ಸು ಕೊಡುತ್ತಾರಾ, ಶನಿವಾರ ಭಾನುವಾರ ಮಾತ್ರ ಬಂದು ಕಲಿಯಬಹುದಾ, ಇಷ್ಟು ಕೇಳು. ಬ್ರಾಡ್ಮನ್ ಅವರನ್ನು ಕರೆದವರು ರೈಲು ಖರ್ಚು ತಾವೇ ಕೊಟ್ಟರು. ನಿನ್ನನ್ನು ಕರೆಯುವವರು ಎಮ್ಮೆ ಮಾರಿಸುತ್ತಿದ್ದಾರೆ. ಈ ವ್ಯತ್ಯಾಸ ಮರೆಯಬೇಡ. ಅಕಾಡೆಮಿ ಒಂದೇ ಬಾಗಿಲಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯವರು ವಲಯಗಳ ನಡುವೆ ವಯಸ್ಸಿನ ಪ್ರಕಾರ ಪಂದ್ಯ ನಡೆಸುತ್ತಾರೆ. ಅದರ ಆಯ್ಕೆ ಯಾವಾಗ ಅಂತ ವಿಚಾರಿಸಿಕೊಡುತ್ತೇನೆ ಅಂತ ಪಿ.ಟಿ. ಮೇಷ್ಟ್ರು ಒಪ್ಪಿದ್ದಾರೆ.

ಆಯ್ಕೆಯಾಗದಿದ್ದರೂ 18 ಮತ್ತು 1 ನೆನಪಿಟ್ಟುಕೋ. ಎರಡು ವರ್ಷದ ನಿನ್ನ ಸ್ಕೋರುಗಳನ್ನೆಲ್ಲಾ ನಾನು ಬೇರೆ ಹಾಳೆಯಲ್ಲಿ ಶಾಯಿಯಿಂದ ಬರೆದಿದ್ದೇನೆ, ಸೊನ್ನೆಗಳನ್ನೂ ಬಿಟ್ಟಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಇಸಕೊಂಡು ಹೋಗು.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಇಂತಿ,
ತಂಡದ ಸ್ಕೋರು ಬರೆಯುವವನು
9ನೇ ತರಗತಿ