ಮಕ್ಕಳ ಅಂಕಲ್ ಪೈ

ಈ ವಯಸ್ಸಿನಲ್ಲೂ ನಾನು ಮಕ್ಕಳ ಕಾರ್ಟೂನ್ ಪುಸ್ತಕ ಓದುತ್ತೇನೆ. ಆ ರುಚಿ ಹತ್ತಿಸಿದವರು ಅನಂತ ಪೈ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅವರು ಎರಡನೇ ವಯಸ್ಸಿಗೇ ತಂದೆತಾಯಿಯನ್ನು ಕಳೆದುಕೊಂಡರು. ಮುಂಬೈಯಲ್ಲಿ ರಸಾಯನ ತಂತ್ರಜ್ಞಾನ ಓದಿದರೂ ಮನಸ್ಸು ಪುಸ್ತಕಗಳ ಕಡೆಗಿತ್ತು. 1954ರಲ್ಲಿ ಹೊರತಂದ ಮಕ್ಕಳ ಪತ್ರಿಕೆ ‘ಮಾನವ್’ ನಡೆಯಲಿಲ್ಲ. ಆದರೂ ಪೈ ಕೈಚೆಲ್ಲಲಿಲ್ಲ. 1967ರಲ್ಲಿ ‘ಅಮರ ಚಿತ್ರಕಥೆ’, 1980ರಲ್ಲಿ ‘ಟಿಂಕಲ್’ ಆರಂಭಿಸಿದರು.

ಟಿಂಕಲ್‌ನ ಸುಪ್ಪಂದಿ ಹೇಳಿದ್ದನ್ನು ಅರ್ಥ ಮಾಡಿಕೊಳ್ಳದೆ ಹಾಗೇ ಮಾಡಿ ಕೆಲಸ ಕೆಡಿಸುತ್ತಾನೆ. ನಗು ಬರುತ್ತದೆ. ಆದರೆ ಗೈಡ್ ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವವರೂ ಸುಪ್ಪಂದಿಗಳೇ ಅಲ್ಲವೇ?

2011ರಲ್ಲಿ ಪೈ ತೀರಿಕೊಂಡರು. ಸೇಡಂ, ಚಿತ್ತಾಪುರ, ವಾಡಿಯಿಂದ ಬರುವ ನಿಮ್ಮಲ್ಲಿ ಯಾರಿಗಾದರೂ ಮೊದಲ ಪ್ರಯತ್ನದಲ್ಲಿ ಸೋಲಾದರೆ, 1954ರ ನಂತರ 1967 ಬಂದದ್ದು ನೆನಪಿರಲಿ.